ಸೆಲೀನನನ್ನು ಎರಡಾಗಿ ಸೀಳಿ ಓದಬಹುದೇ?

ಫ್ರೆಂಚ್ ಕಾದಂಬರಿಕಾರ ಲೂಯಿ-ಫೆರ್ಡಿನಾಂ ಸೆಲೀನ್ ತೀರಿಕೊಂಡದ್ದು 1961ರ ಜುಲೈ 1ರಂದು. ಲೇಖಕ ಸತ್ತ ಮೇಲೂ ಎಪ್ಪತ್ತು ವರ್ಷ ಕೃತಿಸ್ವಾಮ್ಯವನ್ನು ಕಾಯುವ ಫ್ರಾನ್ಸಿನ ಕಾನೂನಿನಂತೆ, ಅವನು ತನ್ನ ಜೀವಮಾನದಲ್ಲಿ ಪ್ರಕಟಿಸಿದ ಪುಸ್ತಕಗಳ ಮೇಲಿನ ಹಕ್ಕು 2032ರ ಜನವರಿ 1ರ ಹೊತ್ತಿಗೆ ಮುಗಿಯುತ್ತದೆ. ಆ ಪುಸ್ತಕಗಳಲ್ಲಿ ಇಪ್ಪತ್ತನೆಯ ಶತಮಾನದ ಕಾದಂಬರಿಯ ಭಾಷೆಯನ್ನೇ ಬದಲಿಸಿದವು ಇವೆ. ಯಹೂದಿಗಳ ಮೇಲೆ ಪುಟಪುಟಕ್ಕೂ ವಿಷ ಕಾರುವ ಮೂರು ಪುಸ್ತಕಗಳೂ ಇವೆ. ಮೊದಲಿನವು ವಿಶ್ವವಿದ್ಯಾಲಯಗಳ ಪಠ್ಯಗಳಾಗಿವೆ, ಎರಡನೆಯವು ಎರಡನೇ ಮಹಾಯುದ್ಧ ಮುಗಿದಂದಿನಿಂದ ಫ್ರಾನ್ಸಿನಲ್ಲಿ ಅಧಿಕೃತವಾಗಿ ಮರುಮುದ್ರಣ ಕಂಡಿಲ್ಲ. ಇವೆರಡನ್ನೂ ಒಬ್ಬನೇ ಬರೆದನೆಂಬ ಸಂಗತಿಯನ್ನು ಓದುಗ ಹೇಗೆ ನಿಭಾಯಿಸಬೇಕು ಎಂಬ ಪ್ರಶ್ನೆ ಹಳೆಯದು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಅದು ವಿಮರ್ಶಕರ ಕೋಣೆಯಿಂದ ಹೊರಬಂದು ಸರ್ಕಾರ, ಪ್ರಕಾಶಕರು ಮತ್ತು ಪೊಲೀಸರ ಮೇಜಿನವರೆಗೂ ಹೋಗಿ ಬಂದಿದೆ.

ಸೆಲೀನ್ ತೀರಿಕೊಂಡು ಐವತ್ತು ವರ್ಷ ತುಂಬಿದ 2011ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವಾಲಯ ಅವನ ಹೆಸರನ್ನು ರಾಷ್ಟ್ರೀಯ ಸ್ಮರಣೆಗಳ ಪಟ್ಟಿಯಲ್ಲಿ ಸೇರಿಸಿತ್ತು. ನಾತ್ಸಿಗಳ ಕೈಗೆ ಸಿಕ್ಕ ಯಹೂದಿಗಳ ಮಕ್ಕಳ ಪರವಾಗಿ ದಶಕಗಳಿಂದ ದುಡಿಯುತ್ತಿರುವ, ಸ್ವತಃ ತಂದೆಯನ್ನು ಆಶ್ವಿಟ್ಸ್‌ನಲ್ಲಿ ಕಳೆದುಕೊಂಡ ವಕೀಲ ಸರ್ಜ್ ಕ್ಲಾರ್ಸ್‌ಫೆಲ್ಡ್ ಪ್ರತಿಭಟಿಸಿದ ಕೂಡಲೇ ಸಚಿವ ಫ್ರೆಡೆರಿಕ್ ಮಿತೆರಾಂ ಆ ಹೆಸರನ್ನು ತೆಗೆಸಿದರು. 2017ರ ಕೊನೆಯಲ್ಲಿ ಗಾಲಿಮಾರ್ ಪ್ರಕಾಶನ ಆ ಮೂರೂ ದ್ವೇಷಗ್ರಂಥಗಳನ್ನು ಟಿಪ್ಪಣಿ ಸಮೇತ ಹೊರತರಲಿದೆ ಎಂಬ ಸುದ್ದಿ ಹೊರಬಿತ್ತು. ಮತ್ತೆ ಪ್ರತಿಭಟನೆ ಎದ್ದಿತು, ಸರ್ಕಾರದಿಂದ ಎಚ್ಚರಿಕೆಯ ಪತ್ರ ಬಂದಿತು, 2018ರ ಜನವರಿಯಲ್ಲಿ ಆಂತ್ವಾನ್ ಗಾಲಿಮಾರ್ ಯೋಜನೆಯನ್ನು ತಡೆಹಿಡಿದರು. ವಿಚಿತ್ರವೆಂದರೆ ಆಗಿನ ಪ್ರಧಾನಿ ಎದುವಾರ್ ಫಿಲಿಪ್ ಅವರೇ, ಜಾಗರೂಕತೆಯಿಂದ ಟಿಪ್ಪಣಿ ಹಾಕಿ ತಂದರೆ ತಮ್ಮ ಅಭ್ಯಂತರವಿಲ್ಲ ಎಂಬ ಮಾತನ್ನು ಬಹಿರಂಗವಾಗಿಯೇ ಆಡಿದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಈ ಪುಸ್ತಕಗಳನ್ನು ಇಂದು ಫ್ರೆಂಚ್ ಸರ್ಕಾರ ನಿಷೇಧಿಸಿದೆ ಎಂದು ಅನೇಕರು ನಂಬಿದ್ದಾರೆ. ನಿಜದಲ್ಲಿ ಅವುಗಳನ್ನು ತಡೆದು ನಿಲ್ಲಿಸಿದ್ದು ಹಕ್ಕುದಾರರ ಇಚ್ಛೆ. ಯುದ್ಧದ ನಂತರ ಸೆಲೀನನೇ ಅವುಗಳ ಮರುಮುದ್ರಣಕ್ಕೆ ಒಪ್ಪಲಿಲ್ಲ. ಅವನ ಹೆಂಡತಿ ಲೂಸೆತ್, 2017ರಲ್ಲಿ ಮನಸ್ಸು ಬದಲಿಸುವವರೆಗೂ, ಅದೇ ನಿಲುವನ್ನು ಕಾಯ್ದುಕೊಂಡು ಬಂದರು. ಹೀಗಾಗಿ ಯುದ್ಧ ಮುಗಿದಂದಿನಿಂದ ಸೆಲೀನನ ಅತ್ಯಂತ ಕೊಳಕು ಪುಟಗಳು ಹಳೆಯ ಪುಸ್ತಕದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ, ಈಚೆಗೆ ಅಂತರ್ಜಾಲದಲ್ಲಿ ಬಿಟ್ಟಿಯಾಗಿ, ಯಾವ ವಿವರಣೆಯೂ ಇಲ್ಲದೆ ಹರಿದಾಡುತ್ತಿವೆ. ಬೇಕೆಂದು ಹುಡುಕುವವರಿಗೆ ಅವು ಸಿಗುತ್ತವೆ. ಸಿಗದೇ ಇರುವುದು ಸೆಲೀನನ ಕಾದಂಬರಿಯನ್ನು ಮೆಚ್ಚಿ ಪುಸ್ತಕ ಮುಚ್ಚುವ ಸಾಮಾನ್ಯ ಓದುಗನಿಗೆ.

ಆ ಸಾಮಾನ್ಯ ಓದುಗನಿಗೆ ಒಂದು ಸಿದ್ಧ ಸೂತ್ರವನ್ನು ಕೊಡಲಾಗಿದೆ: ಸೆಲೀನರು ಇಬ್ಬರು, ಒಬ್ಬ ಮಹಾ ಶೈಲಿಕಾರ, ಇನ್ನೊಬ್ಬ ತಲೆಕೆಟ್ಟ ಜನಾಂಗದ್ವೇಷಿ; ಮೊದಲನೆಯವನನ್ನು ಓದಿ, ಎರಡನೆಯವನನ್ನು ಖಂಡಿಸಿ ಮರೆತುಬಿಡಿ. ಕೃತಿಯನ್ನು ಕರ್ತೃವಿನಿಂದ ಬಿಡಿಸಿ ನೋಡುವ ಕೃತಿನಿಷ್ಠ ವಿಮರ್ಶೆಯಲ್ಲಿ ಪಳಗಿದ ಓದುಗರಿಗೆ ಈ ಸೂತ್ರ ಬಹಳ ಹಿತವೆನಿಸುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಈ ವಿಭಜನೆ ವಿಮರ್ಶೆಯ ತಟಸ್ಥ ವಿಧಾನವೇನಲ್ಲ. ಆರೋಪಿಯೇ ತನ್ನ ರಕ್ಷಣೆಗಾಗಿ ಕಟ್ಟಿಕೊಟ್ಟ ವಾದ ಅದು. ಪಠ್ಯಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ವಾದ ನಿಲ್ಲುವುದಿಲ್ಲ.

ಮೊದಲು ಹೊಗಳಬೇಕಾದ್ದನ್ನು ಹೊಗಳೋಣ. 1932ರಲ್ಲಿ ದೆನೊಯೆಲ್ ಪ್ರಕಾಶನದಿಂದ ಬಂದ ‘ವೊಯಾಜ್ ಓ ಬೂ ದ ಲಾ ನ್ವೀ’ (ಇರುಳಿನ ಕೊನೆಯವರೆಗೆ ಪಯಣ) ಫ್ರಾನ್ಸಿನ ಪ್ರತಿಷ್ಠಿತ ಗೊಂಕೂರ್ ಪ್ರಶಸ್ತಿಯನ್ನು ಕೈತಪ್ಪಿಸಿಕೊಂಡು ರೆನೊದೊ ಪ್ರಶಸ್ತಿಯನ್ನು ಪಡೆಯಿತು. ಲೇಖಕ ಲೂಯಿ ದೆತೂಶ್ ಎಂಬ ಮೂವತ್ತೆಂಟರ ವೈದ್ಯ, ಪ್ಯಾರಿಸಿನ ಹೊರವಲಯದ ಬಡವರಿಗೆ ಔಷಧಿ ಕೊಡುತ್ತಿದ್ದವನು. ಸೆಲೀನ್ ಎಂಬುದು ಅವನ ಅಜ್ಜಿಯ ಹೆಸರು. ‘ಶುರುವಾದದ್ದು ಹೀಗೆ’ ಎಂಬ ಅರ್ಥದ, ಬೀದಿಯಲ್ಲಿ ನಿಂತು ಆಡಿದಂಥ ಮಾತಿನಿಂದ ಕಾದಂಬರಿ ಆರಂಭವಾಗುತ್ತದೆ. ಶಾಲೆಯ ವ್ಯಾಕರಣಕ್ಕೆ ತಲೆಬಾಗಿದ್ದ ಫ್ರೆಂಚ್ ಗದ್ಯಕ್ಕೆ ಅದೊಂದು ದೊಡ್ಡ ಏಟು. ಮೊದಲ ಮಹಾಯುದ್ಧದ ರಸ್ತೆಯೊಂದರ ನಡುವೆ ಕರ್ನಲ್ ಒಬ್ಬ ಗುಂಡಿನ ಸುರಿಮಳೆಯಲ್ಲಿ ಕಾಗದ ಪತ್ರ ಓದುತ್ತ ಆರಾಮವಾಗಿ ಅಡ್ಡಾಡುತ್ತಿದ್ದಾನೆ. ಪಕ್ಕದಲ್ಲಿರುವ ಬಾರ್ದಮು ಎಂಬ ಸಿಪಾಯಿಗೆ, ಈ ಮನುಷ್ಯನಿಗೆ ತನ್ನ ಸಾವನ್ನು ಊಹಿಸಿಕೊಳ್ಳುವ ಶಕ್ತಿಯೇ ಇಲ್ಲವಲ್ಲ ಎಂದು ಹೊಳೆದು ಮೈ ನಡುಗುತ್ತದೆ. ಭೂಮಿಯ ಮೇಲೆ ತಾನೊಬ್ಬನೇ ಹೇಡಿಯೇ ಎಂದು ಕೇಳಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಫಿರಂಗಿ ಗುಂಡು ಬಿದ್ದು ಕರ್ನಲನ ಹೊಟ್ಟೆ ಸೀಳಿಹೋಗುತ್ತದೆ. ವೀರಮರಣದ ಸಾಹಿತ್ಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಮುಗಿಸಿದ ಇನ್ನೊಂದು ಪುಟ ನನಗೆ ಗೊತ್ತಿಲ್ಲ.

ಕಾದಂಬರಿ ಬರೀ ಕಹಿಯಲ್ಲ ಎಂಬುದನ್ನೂ ಹೇಳಬೇಕು. ಆಫ್ರಿಕಾದ ಫ್ರೆಂಚ್ ವಸಾಹತಿನ ಭಾಗದಲ್ಲಿ ಅಲ್ಸೀದ್ ಎಂಬ ಸಾರ್ಜೆಂಟ್ ಬರುತ್ತಾನೆ. ಸ್ಥಳೀಯ ಸೈನಿಕರಿಗೆ ತಂಬಾಕು ಮಾರಿ ಅವರ ಸಂಬಳವನ್ನೆಲ್ಲ ನುಂಗುವ ಕ್ಷುದ್ರ ಮನುಷ್ಯನಂತೆ ಮೊದಲು ಕಾಣುವ ಅವನು, ಕಾಯಿಲೆಯಿಂದ ಊನಗೊಂಡ ತನ್ನ ಸೋದರನ ಅನಾಥ ಮಗಳ ಶಾಲೆಯ ಖರ್ಚಿಗಾಗಿಯೇ ಆ ಸುಡುವ ನರಕದಲ್ಲಿ ಇನ್ನಷ್ಟು ವರ್ಷ ಇರಲು ಒಪ್ಪಿಕೊಂಡವನೆಂದು ಒಂದು ರಾತ್ರಿ ನಾಚುತ್ತ ಹೇಳಿಕೊಳ್ಳುತ್ತಾನೆ. ಬಾರ್ದಮು ನಿದ್ದೆ ಹೋದ ಅವನ ಮುಖವನ್ನು ದೀಪದ ಬೆಳಕಿನಲ್ಲಿ ನೋಡುತ್ತಾನೆ. ಎಲ್ಲರಂತೆಯೇ ಇರುವ ಮುಖ. ಒಳ್ಳೆಯವರನ್ನು ಕೆಟ್ಟವರಿಂದ ಗುರುತಿಸಲು ಏನಾದರೂ ಒಂದು ಚಿಹ್ನೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತಾನೆ. ಟ್ರಾಟ್‌ಸ್ಕಿಯಂಥ ಕ್ರಾಂತಿಕಾರಿ ಈ ಕಾದಂಬರಿಯನ್ನು ಮೆಚ್ಚಿ ಬರೆದದ್ದು, ಎಡಪಂಥೀಯರು ಸೆಲೀನನನ್ನು ತಮ್ಮವನೆಂದು ತಿಳಿದದ್ದು ಇಂಥ ಪುಟಗಳಿಂದ.

ಹಾಗಾದರೆ ದ್ವೇಷ ಎಲ್ಲಿಂದ ಬಂತು? ‘ಇಬ್ಬರು ಸೆಲೀನರು’ ಎನ್ನುವವರು 1936ನೇ ಇಸವಿಯನ್ನು ತೋರಿಸುತ್ತಾರೆ. ಆ ವರ್ಷ ಬಂದ ಅವನ ಎರಡನೆಯ ಕಾದಂಬರಿ ‘ಮೋರ್ ಆ ಕ್ರೆದೀ’ (ಕಂತಿನ ಸಾವು) ವಿಮರ್ಶಕರಿಂದ ಬೈಸಿಕೊಂಡಿತು, ಅವನು ಕೆರಳಿದ, ಆ ಸಿಟ್ಟು ಯಹೂದಿಗಳ ಕಡೆ ತಿರುಗಿತು ಎನ್ನುವುದು ಅವರ ಕಥೆ. ಈ ಕಥೆ ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. 1924ರಿಂದ ಕೆಲವು ವರ್ಷ ಸೆಲೀನ್ ವಿಶ್ವಸಂಸ್ಥೆಗೂ ಹಿಂದಿನ ಒಕ್ಕೂಟವಾದ ಜಿನೀವಾದ ರಾಷ್ಟ್ರಸಂಘದ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದ. ಅಲ್ಲಿ ಅವನ ಮೇಲಧಿಕಾರಿ ಲುಡ್ವಿಕ್ ರೈಖ್‌ಮನ್ ಎಂಬ ಪೋಲೆಂಡಿನ ಯಹೂದಿ ವೈದ್ಯ. ಮುಂದೆ ಯುನಿಸೆಫ್ ಸ್ಥಾಪನೆಗೆ ಕಾರಣರಾದವರಲ್ಲಿ ಒಬ್ಬ. ಸೆಲೀನನನ್ನು ಅವನು ಚೆನ್ನಾಗಿಯೇ ನಡೆಸಿಕೊಂಡಿದ್ದ. ಆ ಅನುಭವದಿಂದ ಹುಟ್ಟಿದ ‘ಲೆಗ್ಲೀಸ್’ ಎಂಬ ನಾಟಕದ ಮೂರನೆಯ ಅಂಕದಲ್ಲಿ ರಾಷ್ಟ್ರಸಂಘವನ್ನು ಕುತಂತ್ರಿ ಯಹೂದಿಗಳು ನಡೆಸುವ ಕಚೇರಿಯೆಂದು ಚಿತ್ರಿಸಲಾಗಿದೆ. ಯೂಡೆನ್‌ಸ್ವೆಕ್ ಎಂಬ ಪಾತ್ರ ರೈಖ್‌ಮನ್ನನ ವ್ಯಂಗ್ಯಚಿತ್ರ. ನಾಟಕ ಬರೆದದ್ದು ಮೊದಲ ಕಾದಂಬರಿಗಿಂತ ಹಿಂದೆ, ಅಚ್ಚಾದದ್ದು 1933ರಲ್ಲಿ. ಅಂದರೆ ವಿಮರ್ಶಕರು ಬೈಯುವುದಕ್ಕೆ ಎಷ್ಟೋ ಮುಂಚೆಯೇ ಸರಕು ತಯಾರಾಗಿತ್ತು.

1938ರಲ್ಲಿ ಪ್ರಕಟವಾದ ತನ್ನ ಮೊದಲ ಕಾದಂಬರಿಯ ಆರಂಭದಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಉಲ್ಲೇಖಿಸಿದ ಮಾತು ಇದೇ ನಾಟಕದ್ದು. ಸಮುದಾಯದ ದೃಷ್ಟಿಯಿಂದ ಯಾವ ಮಹತ್ವವೂ ಇಲ್ಲದ, ಬರೀ ಒಬ್ಬ ವ್ಯಕ್ತಿಯಷ್ಟೇ ಆದ ಹುಡುಗನ ಬಗ್ಗೆ ಇರುವ ಆ ವಾಕ್ಯವನ್ನು ಅಸ್ತಿತ್ವವಾದದ ಓದುಗರು ಪೀಳಿಗೆಯಿಂದ ಪೀಳಿಗೆಗೆ ಮೆಚ್ಚಿದ್ದಾರೆ. ಅದು ಯಾವ ನಾಟಕದ್ದು, ಆ ನಾಟಕದಲ್ಲಿ ಇನ್ನೇನಿದೆ ಎಂದು ಎಷ್ಟು ಜನ ನೋಡಿದ್ದಾರೋ. ಏಳು ವರ್ಷಗಳ ಬಳಿಕ ಅದೇ ಸಾರ್ತ್ರ್, ಸೆಲೀನ್ ನಾತ್ಸಿಗಳಿಂದ ಹಣ ಪಡೆದಿದ್ದಾನೆ ಎಂದು ಬರೆದ. ಸೆಲೀನ್ ಅವನಿಗೆ ಹೊಲಸು ಬೈಗುಳದ ಉತ್ತರ ಕೊಟ್ಟ. ಇಬ್ಬರ ಜಗಳವನ್ನು ಸಾಹಿತ್ಯ ಚರಿತ್ರೆ ರಸವತ್ತಾಗಿ ಹೇಳುತ್ತದೆ, ಆ ಮೊದಲ ಉಲ್ಲೇಖದ ಹತ್ತಿರ ಮಾತ್ರ ಮೆಲ್ಲಗೆ ದಾಟಿಹೋಗುತ್ತದೆ.

1937ರ ಡಿಸೆಂಬರಿನಲ್ಲಿ ಮೂರು ದ್ವೇಷಗ್ರಂಥಗಳಲ್ಲಿ ಮೊದಲನೆಯದಾದ ‘ಬಗಾತೆಲ್ ಪೂರ್ ಅಂ ಮಸಾಕ್ರ್’ (ಹತ್ಯಾಕಾಂಡಕ್ಕೆ ಕೆಲವು ಕ್ಷುಲ್ಲಕಗಳು) ಬಂದಿತು. ಫ್ರೆಂಚರು ಇದನ್ನು ‘ಪಾಂಫ್ಲೆಟ್’ ಎನ್ನುತ್ತಾರಾದರೂ ಇದು ಕರಪತ್ರವಲ್ಲ, ಮುನ್ನೂರು ಪುಟ ಮೀರಿದ ಪುಸ್ತಕ. ಕಥೆಯ ನೆವವೂ ಇದೆ. ನಿರೂಪಕನಿಗೆ ಬ್ಯಾಲೆ ನೃತ್ಯದ ಹುಚ್ಚು. ತಾನು ಬರೆದ ಬ್ಯಾಲೆಗಳನ್ನು ರಂಗಕ್ಕೆ ತರಬೇಕೆಂದು ಅಲೆಯುತ್ತಾನೆ, ಯಾರೂ ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಯಹೂದಿಗಳೇ ಕಾರಣವೆಂದು ತೀರ್ಮಾನಿಸುತ್ತಾನೆ. ಅಲ್ಲಿಂದ ಮುಂದೆ ಸಿನಿಮಾ, ಬ್ಯಾಂಕು, ಮದ್ಯ, ಸೋವಿಯತ್ ಒಕ್ಕೂಟ, ಬ್ರಿಟನ್, ಬರಲಿರುವ ಯುದ್ಧ ಎಲ್ಲದರ ಹಿಂದೆಯೂ ಅದೇ ಕೈ. ನಡುನಡುವೆ ಆ ಬ್ಯಾಲೆಗಳ ಪಠ್ಯವನ್ನೂ ಸೇರಿಸಲಾಗಿದೆ; ದೇವಕನ್ಯೆಯರು ಕುಣಿಯುವ ಆ ಪುಟಗಳು ಬೈಗುಳದ ನಡುವೆ ತಣ್ಣಗೆ ಹೊಳೆಯುತ್ತವೆ. ಓದುವಾಗ ಮೈ ಜುಮ್ಮೆನ್ನಿಸುವುದು ಆ ಹೊಳಪೇ.

ಆದರೆ ನನ್ನ ವಾದಕ್ಕೆ ಮುಖ್ಯವಾದದ್ದು ಬೇರೆ. ಸೆಲೀನ್ ತನ್ನ ಶೈಲಿಯ ಸಿದ್ಧಾಂತವನ್ನು ವಿಸ್ತಾರವಾಗಿ ಬರೆದಿರುವ ಮೊದಲ ಸ್ಥಳಗಳಲ್ಲಿ ಈ ಪುಸ್ತಕವೂ ಒಂದು. ಬರವಣಿಗೆಯಲ್ಲಿ ಆಡುಮಾತಿನ ಭಾವಾವೇಗವನ್ನು ನೇರವಾಗಿ ತರಬೇಕು, ಶಾಲೆಯಲ್ಲಿ ಕಲಿಸುವ ನಯವಾದ ಫ್ರೆಂಚ್ ಸತ್ತ ಭಾಷೆ ಎಂಬ ಅವನ ಪ್ರಸಿದ್ಧ ನಿಲುವು ಇಲ್ಲಿದೆ. ಆ ಸತ್ತ ಭಾಷೆಗೆ ಕಾರಣ ಯಾರು? ನೇರ ಭಾವನೆಯ ಶಕ್ತಿಯೇ ಇಲ್ಲದ, ಅನುಭವಿಸುವ ಬದಲು ಬರೀ ಮಾತಾಡುವ ಯಹೂದಿಗಳು ಎನ್ನುವುದು ಅವನ ಉತ್ತರ. ಹೀಗೆ ಭಾವ, ಲಯ, ಮಾತಿನ ಜೀವಂತಿಕೆ ಎಂಬ ಸೌಂದರ್ಯದ ಪರಿಕಲ್ಪನೆಗಳಿಗೆ ಜನಾಂಗದ ಗುರುತು ಅಂಟಿಕೊಳ್ಳುತ್ತದೆ. ಶೈಲಿಯನ್ನು ಇಟ್ಟುಕೊಂಡು ದ್ವೇಷವನ್ನು ಎಸೆಯೋಣ ಎನ್ನುವವರು ಈ ಅಧ್ಯಾಯಗಳನ್ನು ಓದಿದ್ದಾರೆಂದು ನನಗೆ ಅನಿಸುವುದಿಲ್ಲ. ಇಲ್ಲಿ ಶೈಲಿಯ ಸಿದ್ಧಾಂತವೂ ದ್ವೇಷವೂ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿವೆ.

ಸಮಕಾಲೀನರು ಇದನ್ನು ಹೇಗೆ ಓದಿದರು ಎಂಬುದು ಇನ್ನೊಂದು ಪಾಠ. 1938ರ ಏಪ್ರಿಲ್‌ನಲ್ಲಿ ಹಿರಿಯ ಫ್ರೆಂಚ್ ಲೇಖಕ ಆಂದ್ರೆ ಜೀದ್, ಆಗಿನ ಅತಿ ಗೌರವದ ಸಾಹಿತ್ಯ ಪತ್ರಿಕೆಯಲ್ಲಿ ಬರೆಯುತ್ತ, ಇದು ತಮಾಷೆಯೇ ಇರಬೇಕು, ತಮಾಷೆಯಲ್ಲದಿದ್ದರೆ ಸೆಲೀನನಿಗೆ ಹುಚ್ಚೇ ಹಿಡಿದಿರಬೇಕು ಎಂದ. ಅಷ್ಟು ಸೂಕ್ಷ್ಮ ಓದುಗನಿಗೇ ಹೀಗಾಯಿತು. ಕಾರಣ ಶೈಲಿಯೇ: ಉತ್ಪ್ರೇಕ್ಷೆ ಇಷ್ಟು ಗದ್ದಲ ಮಾಡುವಾಗ ಅದರ ಹಿಂದಡಗಿದ ಹೇಳಿಕೆಯನ್ನು ಯಾರೂ ಹೇಳಿಕೆಯೆಂದು ತೂಗುವುದಿಲ್ಲ. ಎಷ್ಟೋ ವರ್ಷಗಳ ನಂತರ, 1987ರಲ್ಲಿ, ಅಮೆರಿಕದ ವಿದ್ವಾಂಸೆ ಆಲಿಸ್ ಕಪ್ಲಾನ್ ಈ ಪುಸ್ತಕದ ಮೂಲಗಳನ್ನು ಒಂದೊಂದಾಗಿ ಹುಡುಕಿ ಪ್ರಕಟಿಸಿದರು. ಭಾವಾವೇಗದಲ್ಲಿ ಉಕ್ಕಿ ಬಂದಂತೆ ಕಾಣುವ ಎಷ್ಟೋ ಭಾಗಗಳು ಆಗ ಬೀದಿಬೀದಿಯಲ್ಲಿ ಹಂಚುತ್ತಿದ್ದ ಯಹೂದಿ ವಿರೋಧಿ ಪ್ರಚಾರ ಸಾಹಿತ್ಯದಿಂದ, ಕೆಲವೆಡೆ ಹೆಚ್ಚುಕಡಿಮೆ ಪದಶಃ, ಎತ್ತಿಕೊಂಡವು. ಅವನು ಸುಳ್ಳು ಉದ್ಧರಣೆಗಳನ್ನು, ಹುಸಿ ಅಂಕಿಅಂಶಗಳನ್ನು ನಕಲು ಮಾಡಿ, ಅವುಗಳ ಮೇಲೆ ತನ್ನ ಲಯವನ್ನು ಸವರಿದ್ದಾನೆ.

ಕುದಿಯುವ ಪ್ರತಿಭೆಯೊಂದು ಹದ ತಪ್ಪಿ ಸ್ಫೋಟಿಸಿತು ಎಂಬ ದುರಂತದ ಕಥೆಗೆ ಈ ಸಂಶೋಧನೆ ಕೊಟ್ಟ ಏಟು ಸಣ್ಣದಲ್ಲ. ಕತ್ತರಿ ಮತ್ತು ಗೋಂದು ಹಿಡಿದು, ಯಾವ ಕರಪತ್ರದ ಯಾವ ಸಾಲು ತನ್ನ ಪುಟಕ್ಕೆ ಒಗ್ಗುತ್ತದೆ ಎಂದು ನೋಡಿ ಜೋಡಿಸುವವನು ಆವೇಶದಲ್ಲಿ ಮೈಮರೆತಿರುವುದಿಲ್ಲ. ‘ಉನ್ಮಾದ’ ಎನ್ನುವ ಮಾತನ್ನು ಸೆಲೀನ್ ವಿಷಯದಲ್ಲಿ ಬಳಸುವಾಗ ನಾವು ಅವನಿಗೆ ಅರಿವಿಲ್ಲದೆ ಕ್ಷಮೆ ಕೊಡುತ್ತಿರುತ್ತೇವೆ.

ಹಾಗೆಂದು ಕಾದಂಬರಿಯೂ ದ್ವೇಷಗ್ರಂಥವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವುಗಳ ನಡುವಿನ ವ್ಯತ್ಯಾಸ ತುಂಬ ಬೆಲೆಯುಳ್ಳದ್ದು, ಆದರೆ ಅದು ಕಾಣಬೇಕಾದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ಎರಡೂ ಹುಟ್ಟಿದ್ದು ಒಂದೇ ಭಯದಿಂದ. 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ತೋಳಿಗೆ ಗುಂಡು ತಗುಲಿಸಿಕೊಂಡ ಸೈನಿಕನಿಗೆ ಇನ್ನೊಂದು ಯುದ್ಧ ಬರುತ್ತದೆಂಬ ಯೋಚನೆಯೇ ಉಸಿರು ಕಟ್ಟಿಸುತ್ತಿತ್ತು. ‘ವೊಯಾಜ್’ನಲ್ಲಿ ಆ ಭಯಕ್ಕೆ ಒಬ್ಬನೇ ಅಪರಾಧಿ ಇಲ್ಲ, ಸೇನಾಪತಿ, ವ್ಯಾಪಾರಿ, ದೇಶಭಕ್ತ ಹೆಂಗಸು, ವೈದ್ಯ, ಕೊನೆಗೆ ಹೇಳುತ್ತಿರುವ ಬಾರ್ದಮು ಕೂಡ ಪಾಲುದಾರರೇ. ನಿರೂಪಕ ತನ್ನನ್ನೇ ನಂಬುವುದಿಲ್ಲವಾದ್ದರಿಂದ ಓದುಗನೂ ಎಲ್ಲೂ ನಿರಾಳವಾಗಿ ಕೂರಲಾಗದು. ‘ಬಗಾತೆಲ್’ನಲ್ಲಿ ಅದೇ ದನಿ, ಅದೇ ಮೂರು ಚುಕ್ಕಿಗಳು, ಅದೇ ಉದ್ಗಾರ, ಆದರೆ ಆತ್ಮಶಂಕೆ ಮಾಯವಾಗಿದೆ, ಭಯಕ್ಕೆ ಒಂದು ವಿಳಾಸ ಸಿಕ್ಕಿದೆ. ಮುಖ ನೋಡಿ ಒಳ್ಳೆಯವರನ್ನು ಗುರುತಿಸಲಾಗದು ಎಂದು ಅಲ್ಸೀದನ ಪಕ್ಕದಲ್ಲಿ ಕುಳಿತು ಬರೆದವನು ಐದು ವರ್ಷಗಳಲ್ಲಿ ಮೂಗಿನ ಆಕಾರ ನೋಡಿ ಶತ್ರುವನ್ನು ಗುರುತಿಸಲು ಹೊರಟಿದ್ದಾನೆ.

ಮೂರು ಚುಕ್ಕಿಗಳ ಬಗ್ಗೆ ಒಂದು ಮಾತು. ಮೊದಲ ಕಾದಂಬರಿಯ ವಾಕ್ಯಗಳು ಬಹುಮಟ್ಟಿಗೆ ಇಡಿಯಾಗಿಯೇ ಇವೆ. ಎರಡನೆಯದರಲ್ಲಿ ಅವು ಚೂರುಚೂರಾಗಿ, ಚುಕ್ಕಿಗಳಿಂದ ಪೋಣಿಸಿಕೊಂಡು ಬರುತ್ತವೆ: ಅರ್ಧ ಮಾತು, ಉಸಿರು, ಬೈಗುಳ, ಮತ್ತೆ ಉಸಿರು. ಬಾಲ್ಯದ ಬಡತನವನ್ನು, ಅಪ್ಪನ ಅರಚಾಟವನ್ನು ಹೇಳುವಾಗ ಈ ಕ್ರಮ ಅದ್ಭುತವಾಗಿ ದುಡಿಯುತ್ತದೆ, ಏಕೆಂದರೆ ಯೋಚಿಸಲು ಬಿಡುವಿಲ್ಲದ ಬದುಕಿನ ಲಯವೇ ಅದು. ಒಂದೂವರೆ ವರ್ಷದ ನಂತರ ಇದೇ ಕ್ರಮ ಆಪಾದನೆಗಳನ್ನು ಪೋಣಿಸಿತು. ವಾಕ್ಯ ಪೂರ್ತಿಯಾದರೆ ಅದಕ್ಕೊಂದು ಕರ್ತೃಪದ, ಕ್ರಿಯಾಪದ ಬೇಕು, ಹೇಳಿದ್ದಕ್ಕೆ ಆಧಾರವೇನೆಂದು ಕೇಳಬಹುದು. ಚೂರಾದ ವಾಕ್ಯವನ್ನು ಹಾಗೆ ಹಿಡಿದು ನಿಲ್ಲಿಸಿ ಕೇಳುವುದು ಕಷ್ಟ.

ಯುದ್ಧಕಾಲದ ನಡವಳಿಕೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದರ ಬಗ್ಗೆ ಗೊಂದಲ ಕಡಿಮೆ. ಉಳಿದೆರಡು ದ್ವೇಷಗ್ರಂಥಗಳಾಗಿ, 1938ರಲ್ಲಿ ಜರ್ಮನಿಯ ಜೊತೆ ಮೈತ್ರಿ ಬೇಡುವ ‘ಲೆಕೋಲ್ ದೆ ಕದಾವ್ರ್’, 1941ರಲ್ಲಿ, ಜರ್ಮನ್ ಆಕ್ರಮಣದ ಅಡಿಯಲ್ಲಿ, ‘ಲೆ ಬೋ ದ್ರಾ’ ಬಂದವು. ಆಕ್ರಮಣಕಾರರ ಜೊತೆ ಕೈಜೋಡಿಸಿದ ಪತ್ರಿಕೆಗಳಿಗೆ ಅವನು ಹತ್ತಾರು ಪತ್ರಗಳನ್ನು ಬರೆದ. 1941ರಲ್ಲಿ ಪ್ಯಾರಿಸಿನಲ್ಲಿ ‘ಯಹೂದಿ ಮತ್ತು ಫ್ರಾನ್ಸ್’ ಎಂಬ ಪ್ರಚಾರ ಪ್ರದರ್ಶನ ನಡೆದಾಗ, ಅಲ್ಲಿನ ಪುಸ್ತಕದ ಮಳಿಗೆಯಲ್ಲಿ ತನ್ನ ‘ಬಗಾತೆಲ್’ ಮತ್ತು ‘ಲೆಕೋಲ್’ ಕಾಣಲಿಲ್ಲವೆಂದು ಸಂಘಟಕನಿಗೆ ದೂರು ಕೊಟ್ಟ. ಮರುವರ್ಷ ಜುಲೈನಲ್ಲಿ ಅದೇ ನಗರದ ಸೈಕಲ್ ಪಂದ್ಯದ ಕ್ರೀಡಾಂಗಣದಲ್ಲಿ ಸಾವಿರಾರು ಯಹೂದಿ ಕುಟುಂಬಗಳನ್ನು ಕೂಡಿಹಾಕಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನಿಂದ ಸಾವಿನ ಶಿಬಿರಗಳಿಗೆ ಸಾಗಿಸಲ್ಪಟ್ಟವರ ಸಂಖ್ಯೆ ಸುಮಾರು 76,000.

1944ರ ಜೂನ್‌ನಲ್ಲಿ ಸೆಲೀನ್ ಜರ್ಮನಿಗೆ, ಅಲ್ಲಿಂದ ಡೆನ್ಮಾರ್ಕಿಗೆ ಓಡಿದ. ಕೋಪನ್‌ಹೇಗನ್‌ನಲ್ಲಿ ಜೈಲು ಸೇರಿದ. 1950ರ ಫೆಬ್ರುವರಿಯಲ್ಲಿ ಪ್ಯಾರಿಸಿನ ನ್ಯಾಯಾಲಯ ಅವನ ಗೈರುಹಾಜರಿಯಲ್ಲಿ ಒಂದು ವರ್ಷದ ಸೆರೆ, 50,000 ಫ್ರಾಂಕ್ ದಂಡ ಮತ್ತು ನಾಗರಿಕ ಹಕ್ಕುಗಳನ್ನು ಕಸಿಯುವ ‘ರಾಷ್ಟ್ರೀಯ ಅಪಮಾನ’ದ ಶಿಕ್ಷೆ ವಿಧಿಸಿತು. ಮರುವರ್ಷ, ಮೊದಲ ಯುದ್ಧದ ಗಾಯಾಳು ಎಂಬ ಕಾರಣಕ್ಕೆ, ದೆತೂಶ್ ಎಂಬ ನಿಜನಾಮದಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಕ್ಷಮಾದಾನ ಸಿಕ್ಕಿತು. ಊರಿಗೆ ಮರಳಿದ ಅವನು ಹೊಸ ವೇಷ ತೊಟ್ಟ. ನಾನು ವಿಚಾರಗಳ ಮನುಷ್ಯನಲ್ಲ, ಸಂದೇಶಗಳ ಮನುಷ್ಯನಲ್ಲ, ನನ್ನದು ಬರೀ ಶೈಲಿ, ಒಂದು ಸಣ್ಣ ಸಂಗೀತ ಎಂದು ಸಂದರ್ಶನದಿಂದ ಸಂದರ್ಶನಕ್ಕೆ ಹೇಳತೊಡಗಿದ. 1955ರಲ್ಲಿ ಅದನ್ನೇ ಕಾಲ್ಪನಿಕ ಸಂದರ್ಶನದ ರೂಪದ ಪುಟ್ಟ ಪುಸ್ತಕವಾಗಿಸಿದ. ‘ಬಗಾತೆಲ್’ನ ಶೈಲಿ ಸಿದ್ಧಾಂತ ಇಲ್ಲಿ ಮರಳಿ ಬರುತ್ತದೆ, ಯಹೂದಿಗಳನ್ನು ಮಾತ್ರ ಹೊರಗಿಟ್ಟು. ಮೆದೋಂ ಎಂಬ ಉಪನಗರದ ಮನೆಯಲ್ಲಿ ನಾಯಿಗಳು ಮತ್ತು ಗಿಳಿಯ ನಡುವೆ ಚಿಂದಿ ಬಟ್ಟೆ ತೊಟ್ಟು ಕುಳಿತ, ಜಗತ್ತಿನಿಂದ ಕಾಡಿಸಿಕೊಂಡ ಮುದುಕನ ಚಿತ್ರ ಪತ್ರಕರ್ತರಿಗೆ ಬಹಳ ಇಷ್ಟವಾಯಿತು. ಅವನು ಸತ್ತ ಮರುವರ್ಷವೇ, 1962ರಲ್ಲಿ, ಫ್ರೆಂಚ್ ಸಾಹಿತ್ಯದ ಅತ್ಯುನ್ನತ ಮನ್ನಣೆಯೆನಿಸಿದ ಪ್ಲೆಯಾದ್ ಮಾಲೆಯಲ್ಲಿ ಎರಡು ಕಾದಂಬರಿಗಳು ಸೇರಿದವು. ವಿಮರ್ಶೆ ಅಂದಿನಿಂದ ಹೇಳಿಕೊಂಡು ಬಂದ ‘ಶೈಲಿಕಾರ ಸೆಲೀನ್’ ಅನ್ನು ಮೊದಲು ಬರೆದವನು ಕ್ಷಮಾದಾನ ಪಡೆದ ಆ ಅಪರಾಧಿಯೇ.

ಈ ನಿಲುವಿಗೆ ಬಲವಾದ ಆಕ್ಷೇಪ ಅಮೆರಿಕದ ಯಹೂದಿ ಕಾದಂಬರಿಕಾರ ಫಿಲಿಪ್ ರಾತ್‌ನಿಂದ ಬರುತ್ತದೆ. ಫ್ರಾನ್ಸಿನಲ್ಲಿ ತನ್ನ ಪಾಲಿನ ಪ್ರೂಸ್ತ್ (ಫ್ರೆಂಚ್ ಕಾದಂಬರಿಯ ಶಿಖರವೆನಿಸಿದ ಲೇಖಕ) ಎಂದರೆ ಸೆಲೀನ್ ಎಂದ ಅವನು, ಓದುವಾಗ ತನ್ನ ಯಹೂದಿ ಅಂತಃಸಾಕ್ಷಿಯನ್ನು ಬದಿಗಿಡಬೇಕಾಗುತ್ತದೆ, ಆದರೆ ಕಾದಂಬರಿಗಳ ಒಡಲಲ್ಲಿ ಯಹೂದಿ ದ್ವೇಷವಿಲ್ಲ ಎಂದ. ದ್ವೇಷದ ಗುರಿಯಾಗಿದ್ದ ಸಮುದಾಯದವನೇ ಹೀಗೆ ಹೇಳಿದಾಗ ಹಗುರವಾಗಿ ತಳ್ಳಿಹಾಕಲಾಗದು. ‘ವೊಯಾಜ್’ನ ಮಟ್ಟಿಗೆ ನಾನು ಅವನ ಮಾತನ್ನು ಒಪ್ಪುತ್ತೇನೆ. ಆದರೆ ಅವನು ಏನನ್ನೋ ಬದಿಗಿಡುತ್ತಿದ್ದೇನೆಂದು ತಿಳಿದು ಬದಿಗಿಟ್ಟ. ಬದಿಗಿಟ್ಟದ್ದರ ತೂಕ ಅವನಿಗೆ ಗೊತ್ತಿತ್ತು. ಆ ಪುಸ್ತಕಗಳು ಇವೆಯೆಂದೇ ಅರಿಯದ ಓದುಗ ಬದಿಗಿಡುವುದಕ್ಕೆ ಏನೂ ಇರುವುದಿಲ್ಲ.

2021ರ ಆಗಸ್ಟಿನಲ್ಲಿ ನಡೆದದ್ದು ಈ ಅರಿವಿನ ಕೊರತೆಯನ್ನು ಇನ್ನಷ್ಟು ಹೆಚ್ಚಿಸಿತು. 1944ರಲ್ಲಿ ಸೆಲೀನ್ ಪ್ಯಾರಿಸಿನ ಮನೆಯಲ್ಲಿ ಬಿಟ್ಟು ಓಡಿದ, ಆಮೇಲೆ ಕಳುವಾದವೆಂದು ಸಾಯುವವರೆಗೂ ಹಲುಬಿದ ಹಸ್ತಪ್ರತಿಗಳು, ಸಾವಿರಾರು ಹಾಳೆಗಳು, ಒಮ್ಮೆಲೇ ಬೆಳಕಿಗೆ ಬಂದವು. ಅವನ್ನು ವರ್ಷಗಳ ಕಾಲ ಇಟ್ಟುಕೊಂಡಿದ್ದವರು ನಿವೃತ್ತ ರಂಗವಿಮರ್ಶಕ ಝಾಂ-ಪಿಯೆರ್ ತಿಬೋದಾ. ಲೂಸೆತ್ ಬದುಕಿರುವವರೆಗೆ ಹೊರಗೆಡಹಬಾರದು, ಅವರಿಗೆ ಇದರಿಂದ ಲಾಭವಾಗಬಾರದು ಎಂಬ ಷರತ್ತಿನ ಮೇಲೆ ಅವು ತಮ್ಮ ಕೈಸೇರಿದ್ದವೆಂದು ಅವರು ಹೇಳಿದರು. 2019ರ ನವೆಂಬರಿನಲ್ಲಿ, 107ನೇ ವಯಸ್ಸಿನಲ್ಲಿ, ಲೂಸೆತ್ ತೀರಿಕೊಂಡಿದ್ದರು. ಹಕ್ಕುದಾರರಾದ ವಕೀಲ ಫ್ರಾಂಸ್ವಾ ಜಿಬೋ ಮತ್ತು ವೆರೊನಿಕ್ ಶೋವಾಂ ಪೊಲೀಸರಿಗೆ ದೂರು ಕೊಟ್ಟರು, ಹಾಳೆಗಳು ಅವರಿಗೆ ಸೇರಿದವು, 2022ರ ಮೇ ತಿಂಗಳಲ್ಲಿ ಗಾಲಿಮಾರ್ ‘ಗೇರ್’ (ಯುದ್ಧ) ಎಂಬ ಸಣ್ಣ ಕಾದಂಬರಿಯನ್ನು ತಂದಿತು. ಯುದ್ಧ ನನ್ನ ತಲೆಯೊಳಗೆ ಸಿಕ್ಕಿಕೊಂಡಿದೆ ಎಂಬ ಅರ್ಥದ ಅದರ ಆರಂಭದ ಪುಟಗಳ ಮಾತು ಎಲ್ಲ ಪತ್ರಿಕೆಗಳಲ್ಲೂ ಬಂದಿತು, ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಯಿತು. ನಿಜ ಜೀವನದಲ್ಲಿ ಅವನಿಗೆ ತಲೆಯ ಶಸ್ತ್ರಚಿಕಿತ್ಸೆ ಆಗಿರಲೇ ಇಲ್ಲ, ತಲೆಬುರುಡೆ ಕೊರೆಸಿಕೊಂಡ ಕಥೆ ಅವನೇ ಹಬ್ಬಿಸಿದ ಐತಿಹ್ಯ ಎಂಬುದು ಜೀವನಚರಿತ್ರಕಾರರಿಗೆ ಗೊತ್ತಿತ್ತು. ಸಂಭ್ರಮದ ನಡುವೆ ಅದು ಹೆಚ್ಚು ಕೇಳಿಸಲಿಲ್ಲ. ಕಳೆದುಹೋಗಿ ಸಿಕ್ಕಿದ ಸೆಲೀನ್ ಪುಸ್ತಕದಂಗಡಿಯ ಮುಂದಿನ ಮೇಜಿನ ಮೇಲೆ, ಎಂದೂ ಕಳೆದುಹೋಗದಿದ್ದ ಸೆಲೀನ್ ಬೀಗದೊಳಗೆ.

ಬೀಗ ತೆಗೆಯುವುದರ ವಿರುದ್ಧ ಕ್ಲಾರ್ಸ್‌ಫೆಲ್ಡ್ ಅವರಂಥವರು ಎತ್ತುವ ಪ್ರಶ್ನೆಗಳು ಗಟ್ಟಿಯಾಗಿವೆ. ಶ್ರೇಷ್ಠ ಪ್ರಕಾಶನದ ಮುದ್ರೆ ಬಿದ್ದರೆ ದ್ವೇಷಕ್ಕೆ ಸಾಹಿತ್ಯದ ಮರ್ಯಾದೆ ಬರುತ್ತದೆ. ಅಡಿಟಿಪ್ಪಣಿಯನ್ನು ಓದದೆ ಮೇಲಿನದನ್ನಷ್ಟೇ ಓದುವವರು ಇದ್ದೇ ಇರುತ್ತಾರೆ. ಮಾರಾಟದ ಹಣ ಯಾರ ಜೇಬಿಗೆ? ಕೊನೆಯದಕ್ಕೆ ಉತ್ತರ ಕೊಟ್ಟ ಉದಾಹರಣೆಯೊಂದಿದೆ. 2021ರಲ್ಲಿ ಫಯಾರ್ ಪ್ರಕಾಶನ ಹಿಟ್ಲರನ ಆತ್ಮಕಥನದ ಫ್ರೆಂಚ್ ವಿಮರ್ಶಾತ್ಮಕ ಆವೃತ್ತಿಯನ್ನು ತಂದಾಗ ಮುಖಪುಟದಲ್ಲಿ ಅವನ ಹೆಸರನ್ನೇ ಹಾಕಲಿಲ್ಲ, ಬೆಲೆಯನ್ನು 100 ಯೂರೋ ಇಟ್ಟಿತು, ಲಾಭವನ್ನು ಆಶ್ವಿಟ್ಸ್ ಸ್ಮಾರಕದ ಪ್ರತಿಷ್ಠಾನಕ್ಕೆ ಕೊಟ್ಟಿತು. ಅದಕ್ಕೂ ಮುನ್ನ, 2016ರಲ್ಲಿ, ಬವೇರಿಯಾ ಸರ್ಕಾರದ ಕೈಯಲ್ಲಿದ್ದ ಹಕ್ಕು ಮುಗಿದ ಕೂಡಲೇ ಮ್ಯೂನಿಕ್‌ನ ಇತಿಹಾಸ ಸಂಸ್ಥೆ ತನ್ನ ಸಾವಿರಾರು ಟಿಪ್ಪಣಿಗಳ ಜರ್ಮನ್ ಆವೃತ್ತಿಯನ್ನು ಸಿದ್ಧವಾಗಿಟ್ಟುಕೊಂಡಿತ್ತು. ಹಕ್ಕು ಮುಗಿಯುವ ದಿನ ಮಾರುಕಟ್ಟೆಗೆ ಮೊದಲು ಬರಬೇಕಾದದ್ದು ವಿದ್ವಾಂಸರ ಪ್ರತಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಸೆಲೀನ್ ವಿಷಯದಲ್ಲಿ ಅಂಥ ಪ್ರತಿ ಆಗಲೇ ಇದೆ. ಲೇಖಕನ ಮರಣಾನಂತರ ಐವತ್ತೇ ವರ್ಷ ಹಕ್ಕು ಕಾಯುತ್ತಿದ್ದ ಕೆನಡಾದಲ್ಲಿ, 2012ರಲ್ಲಿ, ರೆಜಿಸ್ ತೆತ್ತಮಾಂಜಿ ಸಂಪಾದಿಸಿದ ಟಿಪ್ಪಣಿ ಸಹಿತ ಆವೃತ್ತಿ ಕ್ವಿಬೆಕ್‌ನಲ್ಲಿ ಪ್ರಕಟವಾಯಿತು. ಗಾಲಿಮಾರ್ ತರಲು ಹೊರಟಿದ್ದದ್ದು ಅದನ್ನೇ, ಪಿಯೆರ್ ಅಸುಲೀನ್ ಅವರ ಮುನ್ನುಡಿಯೊಡನೆ. ಅದನ್ನು ಟೀಕಿಸಿದವರಲ್ಲಿ ಎಷ್ಟೋ ಇತಿಹಾಸಕಾರರ ಆಕ್ಷೇಪ ಪ್ರಕಟಣೆಗೆ ಅಲ್ಲ, ಸಾಹಿತ್ಯದ ವಿದ್ವಾಂಸರೊಬ್ಬರೇ ಇದನ್ನು ಮಾಡಬಾರದು, ಇತಿಹಾಸಕಾರರೂ ಸೇರಬೇಕು ಎಂಬುದಾಗಿತ್ತು. ಅದು ನ್ಯಾಯವಾದ ಮಾತು. ಯಾವ ಸಾಲು ಯಾವ ಪ್ರಚಾರ ಪತ್ರದಿಂದ ಬಂತು, ಯಾವ ಅಂಕಿ ಸುಳ್ಳು, ಹೆಸರು ಹಿಡಿದು ಬೈದ ಮನುಷ್ಯ ಯುದ್ಧಕಾಲದಲ್ಲಿ ಏನಾದ ಎಂಬುದನ್ನು ಅದೇ ಪುಟದಲ್ಲಿ, ಕೆಳಗಲ್ಲ, ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿದರೆ ಆ ಲಯಕ್ಕೆ ಸಿಗಬೇಕಾದ ತಡೆ ಸಿಗುತ್ತದೆ. ಮೂರು ಚುಕ್ಕಿಗಳ ಓಟವನ್ನು ನಿಲ್ಲಿಸುವ ಇನ್ನೊಂದು ಉಪಾಯ ನನಗೆ ಕಾಣದು. ಕಾದಂಬರಿ ಓದುವವರೆಲ್ಲ ಮೂರೂ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ, ಹಾಗೆ ಓದುವುದು ಅಸಹ್ಯದ ಜೊತೆಗೆ ಬೇಸರದ ಕೆಲಸವೂ ಹೌದು. ಶೈಲಿಯ ಬಗ್ಗೆ ಅವನು ಬರೆದ ಆ ಕೆಲವು ಅಧ್ಯಾಯಗಳು ಮತ್ತು ‘ಲೆಗ್ಲೀಸ್’ನ ಮೂರನೆಯ ಅಂಕ ತರಗತಿಯಲ್ಲಿ ‘ವೊಯಾಜ್’ನ ಪಕ್ಕದಲ್ಲಿದ್ದರೂ ಸಾಕು.

ಈಗ ಆ ಕೆಲಸಕ್ಕೆ ಹಕ್ಕುದಾರರ ಮತ್ತು ಪ್ರಕಾಶಕರ ಒಪ್ಪಿಗೆ ಬೇಕು. ಅವರು ಷರತ್ತು ಹಾಕಬಹುದು, ಇತಿಹಾಸಕಾರರನ್ನು ಕರೆಯಬಹುದು, ಬೆಲೆಯನ್ನೂ ಹಣ ಸೇರಬೇಕಾದ ಜಾಗವನ್ನೂ ತೀರ್ಮಾನಿಸಬಹುದು. 2032ರ ನಂತರ ಜನಾಂಗೀಯ ದ್ವೇಷದ ಪ್ರಚೋದನೆಯನ್ನು ಶಿಕ್ಷಿಸುವ ಫ್ರಾನ್ಸಿನ 1972ರ ಕಾನೂನೊಂದು ಉಳಿದಿರುತ್ತದೆ. ಅದರ ಅಡಿಯಲ್ಲಿ ಒಂದೊಂದೇ ಮುದ್ರಣವನ್ನು ನ್ಯಾಯಾಲಯಕ್ಕೆ ಎಳೆಯುವ ಹೊತ್ತಿಗೆ ಟಿಪ್ಪಣಿಯಿಲ್ಲದ ಅಗ್ಗದ ಪ್ರತಿಗಳು ಅಂಗಡಿಗಳಲ್ಲಿರುತ್ತವೆ.